ಅಂಟಿಲ್ಲ, ದಾರವಿಲ್ಲ: 30 ಕಾಗದದ ತುಂಡು ಚೆಂಡಾಗಿ ನಿಲ್ಲೋದು ಹೇಗೆ?

ಈ ವಾರದ ಸಂಚಿಕೆಗೆ ಒಂದು ಸಣ್ಣ ಕೋರಿಕೆ. ಹತ್ತಿರದಲ್ಲಿ ಎ4 ಅಳತೆಯ ಒಂದು ದಪ್ಪ ಹಾಳೆ, ಸ್ಕೇಲು, ಕತ್ತರಿ ಇದ್ದರೆ ಎತ್ತಿಟ್ಟುಕೊಳ್ಳಿ. ಬಸ್ಸಲ್ಲಿ ಕೇಳ್ತಾ ಇದ್ದೀರಿ ಅಂದ್ರೆ ಸುಮ್ಮನೆ ಕೇಳಿ, ಮನೆಗೆ ಹೋದ ಮೇಲೆ ಮಾಡಿ. ಕಣ್ಣಿಗೆ ಕಾಣೋ ವಿಷಯವನ್ನ ಕಿವಿಗೆ ಹೇಳೋದು ಕಷ್ಟದ ಕೆಲಸ. ಆದ್ರೆ ಇವತ್ತಿನ ವಿಷಯ ಮುಖ್ಯವಾಗಿ ಎಣಿಕೆಯದ್ದು, ಹಾಗಾಗಿ ಧೈರ್ಯ ಮಾಡಿದ್ದೀನಿ.

ವಿಷಯ ಏನಪ್ಪಾ ಅಂದ್ರೆ, ಕಾಗದ ಹೆಣೆದು ಶಿಲ್ಪ ಮಾಡೋದು. ಕಾಗದ ಮಡಚೋದು ಎಲ್ಲರಿಗೂ ಗೊತ್ತು, ದೋಣಿ, ರಾಕೆಟ್ಟು ಮಾಡದವರು ಯಾರಿದ್ದಾರೆ? ಅಂಟಿಸೋದೂ ಗೊತ್ತು. ಹೆಣೆಯೋದು ಅಂದ ತಕ್ಷಣ ಮಾತ್ರ ಒಂದನೇ ಕ್ಲಾಸಿನ ಕೆಂಪು-ಹಳದಿ ಚಾಪೆ ನೆನಪಾಗುತ್ತೆ, ಅಲ್ಲಿಗೇ ನಿಲ್ಲುತ್ತೆ. ಅದೇ ಚಾಪೆಯನ್ನ ಸಮತಟ್ಟಾಗಿ ಬಿಡದೆ ಚೆಂಡು, ಗಡಿಗೆ, ಉದ್ದಿನ ವಡೆಯ ಆಕಾರಕ್ಕೆ ತರಬಹುದು. ಅದನ್ನೂ ಉದ್ದುದ್ದ ಪಟ್ಟಿಗಳಿಂದಲ್ಲ, ಒಂದೇ ಅಳತೆಯ ಗಿಡ್ಡ ತುಂಡುಗಳಿಂದ. ಇಟ್ಟಿಗೆ ಇಟ್ಟಿಗೆ ಸೇರಿಸಿ ಗೋಡೆ ಕಟ್ಟೋ ಹಾಗೆ. ಇದಕ್ಕೆ ಮಾಡ್ಯುಲರ್ ಅಂತಾರೆ. ನಡುವೆ ಗಾರೆ ಇಲ್ಲ, ಅಂದ್ರೆ ಅಂಟು ಇಲ್ಲ.

ಹಾಗಿದ್ರೆ ಆಕಾರವನ್ನ ಹಿಡಿದಿಡೋದು ಏನು? ಅದು ಚೆಂಡಾಗಬೇಕೋ ಬುಟ್ಟಿ ಆಗಬೇಕೋ ಅಂತ ತೀರ್ಮಾನ ಮಾಡೋದು ಯಾರು? ಮಾಡುವವರ ಕೈಚಳಕ ಅಂತ ನಾನೂ ಅಂದುಕೊಂಡಿದ್ದೆ. ಅದಲ್ಲ. ಹೆಣಿಗೆಯಲ್ಲಿ ಬಿಟ್ಟ ತೂತುಗಳ ಲೆಕ್ಕ. ಬಲೆಗೆ, ಜರಡಿಗೆ ನಾವು ಕಣ್ಣು ಅಂತೀವಲ್ಲ, ಅದೇ ಕಣ್ಣು.

ಮೊದಲು ಉದ್ದ ಪಟ್ಟಿಯಲ್ಲೇ ಮಾಡಿ ನೋಡೋಣ. ಎ4 ಹಾಳೆಯ ಉದ್ದ 29.7 ಸೆಂ.ಮೀ. ಉದ್ದಕ್ಕೆ ಒಂದೂವರೆ ಸೆಂ.ಮೀ. ಅಗಲದ ಆರು ಪಟ್ಟಿ ಕತ್ತರಿಸಿ. ಎರಡು ಪಟ್ಟಿ ಒಂದರ ಮೇಲೊಂದು ಹಾಯುವ ಜಾಗಕ್ಕೆ ಸಂಧಿ ಅಂತ ಹೆಸರಿಟ್ಟುಕೊಳ್ಳೋಣ. ಈಗ ಐದು ಪಟ್ಟಿಗಳನ್ನ ಮೇಜಿನ ಮೇಲೆ ಜೋಡಿಸಿ, ನಡುವೆ ಐದು ಮೂಲೆಯ ಒಂದು ಕಣ್ಣು ಬರಬೇಕು. ಪ್ರತಿ ಪಟ್ಟಿಯೂ ಒಂದು ಪಕ್ಕದ ಪಟ್ಟಿಯ ಮೇಲೆ, ಇನ್ನೊಂದು ಪಕ್ಕದ್ದರ ಕೆಳಗೆ ಹೋಗಲಿ. ನಂತರ ಒಂದು ಬಿಟ್ಟು ಒಂದು ಪಟ್ಟಿ ಹೊರಗಡೆ ಮತ್ತೆ ಸೇರುತ್ತವೆ, ಅಲ್ಲೂ ಮೇಲೆ-ಕೆಳಗೆ ನಿಯಮ ತಪ್ಪಿಸಬೇಡಿ. ಆಗ ಐದು ಮೂಲೆಯ ನಕ್ಷತ್ರ ಕಾಣುತ್ತೆ. ಹತ್ತು ಬಾಲಗಳು ಹೊರಕ್ಕೆ ಚಾಚಿರುತ್ತವೆ.

ಆರನೇ ಪಟ್ಟಿ ಇದೆಯಲ್ಲ, ಅದು ಸೊಂಟಪಟ್ಟಿ. ಹತ್ತು ಬಾಲಗಳನ್ನ ಕೆಳಕ್ಕೆ ಬಗ್ಗಿಸಿ, ಅವುಗಳ ನಡುವೆ ಇದನ್ನ ಮೇಲೆ, ಕೆಳಗೆ, ಮೇಲೆ, ಕೆಳಗೆ ಅಂತ ಸುತ್ತಿಸಿ ಉಂಗುರ ಮಾಡಿ. ಮಿಕ್ಕ ಅರ್ಧ ಮೇಲಿನ ಅರ್ಧದ ಪಡಿಯಚ್ಚು. ಬಾಲಗಳನ್ನ ಜೋಡಿ ಜೋಡಿಯಾಗಿ ದಾಟಿಸಿ, ಕೊನೆಗೆ ತಳದಲ್ಲಿ ಇನ್ನೊಂದು ಐದು ಮೂಲೆಯ ಕಣ್ಣು ಬರುವಂತೆ ಮುಚ್ಚಿ. ಪ್ರತಿ ಪಟ್ಟಿಯ ಎರಡು ತುದಿ ಸುಮಾರು ಒಂದೂಮುಕ್ಕಾಲು ಸೆಂ.ಮೀ. ಒಂದರ ಮೇಲೊಂದು ಕೂರುತ್ತವೆ. ಆ ಕೂಡಿದ ಜಾಗವನ್ನ ಅಡ್ಡ ಬರುವ ಪಟ್ಟಿಯ ಕೆಳಗೆ ಬಚ್ಚಿಟ್ಟರೆ ಆಯ್ತು. ಸುಮಾರು 9 ಸೆಂ.ಮೀ. ವ್ಯಾಸದ ಚೆಂಡು. ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ದೊಡ್ಡದು.

ಈಗ ಕೈಲಿ ಹಿಡಿದು ಎಣಿಸಿ. ಸಂಧಿಗಳು 30. ಐದು ಮೂಲೆಯ ಕಣ್ಣು 12. ಅವುಗಳ ನಡುವೆ ಪುಟ್ಟ ತ್ರಿಕೋನಗಳು 20. ಪ್ರತಿ ಪಟ್ಟಿಯೂ ಉಳಿದ ಐದು ಪಟ್ಟಿಗಳನ್ನ ಎರಡೆರಡು ಸಲ ದಾಟಿರುತ್ತೆ.

ಬಿಗಿ ಇರೋದು ಆ ತ್ರಿಕೋನದಲ್ಲಿ. ಒಂದು ತ್ರಿಕೋನವನ್ನ ಹತ್ತಿರದಿಂದ ನೋಡಿ. ಮೊದಲನೇ ಪಟ್ಟಿ ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಮೂರನೆಯದು ತಿರುಗಿ ಮೊದಲನೆಯದರ ಮೇಲೆ. ಮೂವರು ಗೆಳೆಯರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಸುತ್ತ ನಿಂತ ಹಾಗೆ. ಎಲ್ಲರಿಗಿಂತ ಮೇಲೆ ಅಂತ ಯಾರೂ ಇಲ್ಲ, ಹಾಗಾಗಿ ಮೊದಲು ಕಳಚಿಕೊಳ್ಳೋಕೆ ಯಾರಿಗೂ ಆಗಲ್ಲ. ಚಾಪೆಯ ಹೆಣಿಗೆಯಲ್ಲಿ ಪಟ್ಟಿ ಎರಡೇ ದಿಕ್ಕಿಗೆ ಹೋಗುತ್ತೆ, ಮೂಲೆ ಹಿಡಿದು ಎಳೆದರೆ ಓರೆಯಾಗುತ್ತೆ. ಮೂರು ದಿಕ್ಕಿನ ಹೆಣಿಗೆ ಹಾಗೆ ಓರೆಯಾಗಲ್ಲ. ಪಟ್ಟಿ ತೀರಾ ಸಣ್ಣದಾದರೆ ತ್ರಿಕೋನ ದೊಡ್ಡದಾಗಿ ಸಡಿಲ ಬೀಳುತ್ತೆ, ತೀರಾ ಅಗಲವಾದರೆ ಒಂದರ ಮೇಲೊಂದು ಏರಿ ಸುಕ್ಕಾಗುತ್ತೆ. ಎರಡು ಸಂಧಿಗಳ ನಡುವಿನ ದೂರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಗಲ ಇದ್ದರೆ ಹದ. ಒಂದೂವರೆ ಸೆಂ.ಮೀ. ಬಂದದ್ದು ಆ ಲೆಕ್ಕದಿಂದಲೇ.

ಈ ಚೆಂಡನ್ನ ನೀವು ಟಿವಿಯಲ್ಲಿ ನೋಡಿರಲೂಬಹುದು. ಆಗ್ನೇಯ ಏಷ್ಯಾದ ಸೆಪಕ್ ತಕ್ರಾ ಆಟ, ಕಾಲಲ್ಲಿ ಆಡೋ ವಾಲಿಬಾಲ್ ಥರ. ಅದರ ಚೆಂಡು ಮೊದಲು ಬೆತ್ತದಲ್ಲಿ ಹೆಣೆದದ್ದು, ಈಗ ಪ್ಲಾಸ್ಟಿಕ್ಕಿನದ್ದು. 12 ಕಣ್ಣು ಇರಬೇಕು ಅಂತ ಆಟದ ನಿಯಮದಲ್ಲೇ ಇದೆ. 1990ರಿಂದ ಏಷ್ಯನ್ ಗೇಮ್ಸ್‌ನಲ್ಲಿ ಈ ಆಟ ಇದೆ, 2018ರಲ್ಲಿ ಭಾರತದ ಪುರುಷರ ತಂಡಕ್ಕೆ ಕಂಚೂ ಬಂತು. ಸೆಪಕ್ ಅಂದ್ರೆ ಮಲಯ್ ಭಾಷೆಯಲ್ಲಿ ಒದೆ. ತಕ್ರಾ ಅನ್ನೋದು ಥಾಯ್ ಭಾಷೆಯಲ್ಲಿ ಹೆಣೆದ ಚೆಂಡಿನ ಹೆಸರು. ಅಷ್ಟು ಜೋರಾಗಿ ಒದೆಸಿಕೊಂಡೂ ಬಿಚ್ಚಿಕೊಳ್ಳದ ಹೆಣಿಗೆ ಇದು.

ಸರಿ, ಈಗ ಗಿಡ್ಡ ತುಂಡುಗಳಿಗೆ ಬರೋಣ. ನನಗೆ ತುಂಬಾ ಇಷ್ಟವಾಗೋ ಭಾಗ ಇದು.

ಪ್ರತಿ ಪಟ್ಟಿಯೂ ಹತ್ತು ಸಂಧಿ ದಾಟುತ್ತೆ, ಒಂದರಲ್ಲಿ ಮೇಲೆ, ಮುಂದಿನದರಲ್ಲಿ ಕೆಳಗೆ. ಅಂದ್ರೆ ಐದು ಕಡೆ ಅದು ಇನ್ನೊಂದು ಪಟ್ಟಿಯ ಅಡಿಯಲ್ಲಿ ಅಡಗಿರುತ್ತೆ. ಅಲ್ಲಿ ಕತ್ತರಿಸಿ ಮತ್ತೆ ಜೋಡಿಸಿದರೆ ಹೊರಗಿನಿಂದ ನೋಡುವವರಿಗೆ ಗೊತ್ತೇ ಆಗಲ್ಲ. ಐದು ಕಡೆ ಕತ್ತರಿಸಿದರೆ ಐದು ತುಂಡು, ಆರು ಪಟ್ಟಿಗೆ 30 ತುಂಡು. ಪ್ರತಿ ತುಂಡೂ ಒಂದು ಸಂಧಿಯ ಅಡಿಯಲ್ಲಿ ಹುಟ್ಟಿ, ಮುಂದಿನ ಸಂಧಿಯ ಮೇಲೆ ಹಾಯ್ದು, ಅದರ ಮುಂದಿನ ಸಂಧಿಯ ಅಡಿಯಲ್ಲಿ ಮುಗಿಯುತ್ತೆ. ಸಂಧಿಯೂ 30, ತುಂಡೂ 30! ಪ್ರತಿ ಸಂಧಿಯಲ್ಲೂ ಒಂದು ತುಂಡಿನ ಹೊಟ್ಟೆ ಮೇಲಿದೆ, ಎರಡು ತುಂಡುಗಳ ತುದಿ ಅದರ ಕೆಳಗಿದೆ. ಹಿಡಿದುಕೊಳ್ಳೋದು ಅವೇ, ಹಿಡಿಸಿಕೊಳ್ಳೋದೂ ಅವೇ. ಬೇರೆ ಮೊಳೆ ಬೇಕಾಗಿಲ್ಲ.

ಕತ್ತರಿಸೋದೂ ಸುಲಭ. ಅದೇ ಒಂದೂವರೆ ಸೆಂ.ಮೀ. ಪಟ್ಟಿಯನ್ನ ನಾಲ್ಕು ಸಮ ಪಾಲು ಮಾಡಿ, ಒಂದೊಂದು ಸುಮಾರು 7.4 ಸೆಂ.ಮೀ. ಬರುತ್ತೆ. ಒಂದು ಎ4 ಹಾಳೆಯಲ್ಲಿ 14 ಪಟ್ಟಿ, 56 ತುಂಡು. ಚೆಂಡಿಗೆ ಬೇಕಾದ್ದು 30, ಅಂದ್ರೆ ಏಳೂವರೆ ಪಟ್ಟಿ. ಉದ್ದ ಪಟ್ಟಿಯಲ್ಲಾದರೆ ಆರೇ ಸಾಕಿತ್ತು. ಹೆಚ್ಚಾದ ಒಂದೂವರೆ ಪಟ್ಟಿ ತುದಿಗಳ ಜೋಡಣೆಗೆ ಹೋಯಿತು. ಬಿ.ಕಾಂ. ಓದಿದವನು ನಾನು, ಇದನ್ನ ಓವರ್‌ಹೆಡ್ ಅಂತಲೇ ಬರೆಯೋದು. ಆ ಶೇ 25ರ ಓವರ್‌ಹೆಡ್‌ಗೆ ಪ್ರತಿಯಾಗಿ ಏನು ಸಿಗುತ್ತೆ? ಯಾವ ತುಂಡು ಹರಿದರೂ ಅದೊಂದನ್ನೇ ತೆಗೆದು ಬೇರೆ ಹಾಕಬಹುದು. ಹಾಳೆಯ ಉದ್ದ ಎಷ್ಟೇ ಇರಲಿ, ಶಿಲ್ಪ ಎಷ್ಟು ದೊಡ್ಡದಾದರೂ ಬೆಳೆಸಬಹುದು. ನಾಲ್ಕು ಜನ ಕೂತು ಬೇರೆ ಬೇರೆ ಕಡೆಯಿಂದ ಕಟ್ಟಬಹುದು.

ಕಷ್ಟ ಅಂದ್ರೆ, ಮುಕ್ಕಾಲು ಮುಗಿಯೋವರೆಗೂ ತುಂಡುಗಳಿಗೆ ಬಿಗಿ ಬರಲ್ಲ, ಜಾರುತ್ತಲೇ ಇರುತ್ತವೆ. ಬಟ್ಟೆ ಒಣಗಿಸೋ ಕ್ಲಿಪ್ಪು ಹತ್ತು-ಹನ್ನೆರಡು ಇಟ್ಟುಕೊಳ್ಳಿ, ಸಂಧಿಗೊಂದು ಹಾಕಿ, ಮುಂದೆ ಹೋದ ಹಾಗೆ ತೆಗೆಯಿರಿ. ಹಳೇ ಕ್ಯಾಲೆಂಡರ್ ಹಾಳೆ ಚೆನ್ನಾಗಿ ಕಾಣುತ್ತೆ, ಆದ್ರೆ ನುಣುಪು, ಹಿಡಿತ ಇಲ್ಲ. ಒರಟು ಡ್ರಾಯಿಂಗ್ ಶೀಟೇ ವಾಸಿ. ಕಾಗದಕ್ಕೂ ಬಿದಿರಿನ ಹಾಗೆ ನಾರಿನ ದಿಕ್ಕು ಇರುತ್ತೆ. ಹಾಳೆಯನ್ನ ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ, ಒಂದು ಕಡೆಗೆ ಸಲೀಸಾಗಿ ಸುರುಳಿಯಾಗುತ್ತೆ, ಇನ್ನೊಂದು ಕಡೆಗೆ ಸ್ಪ್ರಿಂಗಿನ ಥರ ಎದುರಾಡುತ್ತೆ. ಉದ್ದುದ್ದಕ್ಕೆ ಬಗ್ಗಿಸಿದಾಗ ಎದುರಾಡೋ ಹಾಗೆ ತುಂಡು ಕತ್ತರಿಸಿದರೆ ಚೆಂಡು ಗುಂಡಗೆ ಉಬ್ಬಿ ನಿಲ್ಲುತ್ತೆ. ತುಂಡುಗಳ ಚೆಂಡನ್ನ ಗೋಡೆಗೆ ಹೊಡೆಯಬೇಡಿ ಮತ್ತೆ. ಅದು ನೋಡೋಕೆ, ಒದೆಯೋಕೆ ಅಲ್ಲ.

ಈಗ ಅಸಲು ಪ್ರಶ್ನೆ. ಯಾಕೆ 12? 10 ಯಾಕಲ್ಲ, 14 ಯಾಕಲ್ಲ?

ಇದೇ ಮೂರು ದಿಕ್ಕಿನ ಹೆಣಿಗೆಯನ್ನ ಆರು ಮೂಲೆಯ ಕಣ್ಣು ಬಿಟ್ಟು ಹೆಣೆಯುತ್ತಾ ಹೋಗಿ. ಜೇನುಗೂಡಿನ ಹಾಗೆ ಸಾಲು ಸಾಲು ಬರುತ್ತೆ, ಎಷ್ಟು ಹೆಣೆದರೂ ಚಪ್ಪಟೆ ಹಾಳೆ. ಈಗ ಒಂದೇ ಒಂದು ಕಡೆ ಆರರ ಬದಲು ಐದು ಮೂಲೆಯ ಕಣ್ಣು ಬಿಡಿ. ಅಲ್ಲಿ ಒಂದು ಪಾಲು ಜಾಗ ಕಮ್ಮಿಯಾಯಿತು, ಸುತ್ತಲಿನದ್ದೆಲ್ಲ ಒಳಕ್ಕೆ ಎಳೆದುಕೊಳ್ಳುತ್ತೆ, ಹೆಣಿಗೆ ಟೋಪಿಯಂತೆ ಉಬ್ಬುತ್ತೆ. ನೀವು ಬಗ್ಗಿಸಬೇಕಾಗಿಲ್ಲ, ಬಗ್ಗದೆ ಅದಕ್ಕೆ ಬೇರೆ ದಾರಿಯೇ ಇಲ್ಲ. ಇನ್ನೊಂದು ಕಡೆ ಏಳು ಮೂಲೆಯ ಕಣ್ಣು ಬಿಟ್ಟರೆ ಜಾಗ ಹೆಚ್ಚಾಯಿತು, ಅಲ್ಲಿ ಹೆಣಿಗೆ ಕುದುರೆಯ ಜೀನಿನ ಥರ ಒಂದು ದಿಕ್ಕಿಗೆ ಮೇಲೆ, ಇನ್ನೊಂದು ದಿಕ್ಕಿಗೆ ಕೆಳಗೆ ತಿರುಚಿಕೊಳ್ಳುತ್ತೆ.

ಇದನ್ನ ನಾನು ಖಾತೆ ಪುಸ್ತಕದ ಹಾಗೆ ಬರೆದಿಟ್ಟುಕೊಂಡಿದ್ದೀನಿ. ತ್ರಿಕೋನಗಳು ಬೀಗ, ಅವುಗಳನ್ನ ಲೆಕ್ಕಕ್ಕೆ ತಗೊಳ್ಳಬೇಡಿ. ಆರು ಮೂಲೆಯ ಕಣ್ಣಿಗೆ ಸೊನ್ನೆ. ಐದು ಮೂಲೆಯದ್ದಕ್ಕೆ ಒಂದು ಜಮಾ. ನಾಲ್ಕು ಮೂಲೆಯದ್ದಕ್ಕೆ ಎರಡು ಜಮಾ. ಏಳು ಮೂಲೆಯದ್ದಕ್ಕೆ ಒಂದು ಖರ್ಚು. ಯಾವ ಕಡೆಯೂ ತೆರೆದಿಲ್ಲದ, ಚೆಂಡಿನಂತೆ ಮುಚ್ಚಿದ ಆಕಾರಕ್ಕೆ ಕೊನೆಯ ಬಾಕಿ ಯಾವಾಗಲೂ 12. ಉದ್ದ ಮಾಡಿ, ಸೊಟ್ಟ ಮಾಡಿ, ಕುಂಬಳಕಾಯಿ ಮಾಡಿ, ಸೋರೆಕಾಯಿ ಮಾಡಿ, 12 ಬಿಟ್ಟು ಬೇರೆ ಬರಲ್ಲ. ಏಳು ಮೂಲೆಯದ್ದು ಒಂದು ಹಾಕಿದಿರಾ? ಹಾಗಿದ್ರೆ ಐದು ಮೂಲೆಯದ್ದು 13 ಬೇಕು.

ಇದರ ಹಿಂದೆ ಇರೋದು 18ನೇ ಶತಮಾನದ ಗಣಿತಜ್ಞ ಆಯ್ಲರ್ ಹೆಸರಿನ ಸೂತ್ರ. ಸಂಧಿಗಳನ್ನ ಎಣಿಸಿ, ಅದರಿಂದ ಸಂಧಿ-ಸಂಧಿ ನಡುವಿನ ಗೆರೆಗಳನ್ನ ಕಳೆಯಿರಿ, ಎಲ್ಲಾ ತೂತುಗಳನ್ನ ಕೂಡಿಸಿ, 2 ಬರುತ್ತೆ. ನಮ್ಮ ಚೆಂಡಿನಲ್ಲಿ ಸಂಧಿ 30, ಗೆರೆ 60, ತೂತು ದೊಡ್ಡವು 12, ತ್ರಿಕೋನ 20, ಒಟ್ಟು 32. ಮೂವತ್ತರಲ್ಲಿ ಅರವತ್ತು ಕಳೆದು ಮೂವತ್ತೆರಡು ಕೂಡಿಸಿ. ಟ್ಯಾಲಿ ಆಯ್ತಾ? ಇನ್ನೊಂದು ದಾರಿಯಲ್ಲಿ ನೋಡಿ. 12 ಕಣ್ಣಿಗೂ ಆರಾರು ಮೂಲೆ ಇದ್ದಿದ್ದರೆ 72 ಮೂಲೆ ಬೇಕಿತ್ತು. ಪ್ರತಿ ಸಂಧಿಯೂ ದೊಡ್ಡ ಕಣ್ಣುಗಳಿಗೆ ಎರಡು ಮೂಲೆ ಕೊಡುತ್ತೆ, 30 ಸಂಧಿಗೆ 60. ಕೊರತೆ 12. ಚೆಂಡು ಎಷ್ಟೇ ದೊಡ್ಡದಾದರೂ ಈ ಕೊರತೆ ಹೆಚ್ಚೂ ಆಗಲ್ಲ, ಕಮ್ಮಿಯೂ ಆಗಲ್ಲ.

ಉದ್ದಿನ ವಡೆಯ ಲೆಕ್ಕ ಬೇರೆ. ನಡುವೆ ತೂತಿರೋ ಆಕಾರಕ್ಕೆ ಬಾಕಿ ಸೊನ್ನೆ, ಹೊರಗಿನ ಉಬ್ಬಿಗೆ ಐದು ಮೂಲೆಯವು ಎಷ್ಟೋ ಒಳಗಿನ ತಗ್ಗಿಗೆ ಏಳು ಮೂಲೆಯವು ಅಷ್ಟೇ ಬೇಕು.

ಬುಟ್ಟಿ? ಬುಟ್ಟಿ ಅಂದ್ರೆ ಅರ್ಧ ಮುಚ್ಚಿದ ಆಕಾರ, ಹಾಗಾಗಿ ಅರ್ಧ ಬಾಕಿ, 6. ತಳವನ್ನ ಆರು ಮೂಲೆಯ ಕಣ್ಣುಗಳಲ್ಲಿ ಚಪ್ಪಟೆಯಾಗಿ ಹೆಣೆದು, ತಳದ ಆರು ಮೂಲೆಗಳಲ್ಲಿ ಒಂದೊಂದು ಐದು ಮೂಲೆಯ ಕಣ್ಣು ಇಟ್ಟರೆ ಗೋಡೆಗಳು ತಾವಾಗೇ ಎದ್ದು ನಿಲ್ಲುತ್ತವೆ. ಇದನ್ನ ಯಾವ ಗಣಿತಜ್ಞನೂ ಬುಟ್ಟಿ ಹೆಣೆಯುವವರಿಗೆ ಹೇಳಿಕೊಟ್ಟಿದ್ದಲ್ಲ. ಜಪಾನಿನಲ್ಲಿ, ಆಗ್ನೇಯ ಏಷ್ಯಾದಲ್ಲಿ, ನಮ್ಮ ಈಶಾನ್ಯ ರಾಜ್ಯಗಳಲ್ಲಿ ಬಿದಿರು, ಬೆತ್ತದವರು ಈ ಹೆಣಿಗೆಯನ್ನ ತಲೆಮಾರುಗಳಿಂದ ಹೆಣೆಯುತ್ತಾ ಬಂದಿದ್ದಾರೆ. ಜಪಾನಿ ಭಾಷೆಯಲ್ಲಿ ಅದರ ಹೆಸರು ಕಾಗೊಮೆ. ಕಾಗೊ ಅಂದ್ರೆ ಬುಟ್ಟಿ, ಮೆ ಅಂದ್ರೆ ಕಣ್ಣು. ಅವರೂ ಕಣ್ಣು ಅಂತಲೇ ಕರೆದಿದ್ದಾರೆ ನೋಡಿ! 1951ರಲ್ಲಿ ಇಚಿರೊ ಶೋಜಿ ಎಂಬ ಜಪಾನಿ ಭೌತವಿಜ್ಞಾನಿ ಕಾಂತಗುಣದ ಬಗ್ಗೆ ಬರೆದ ಪ್ರಬಂಧದಲ್ಲಿ ಪರಮಾಣುಗಳ ಒಂದು ಜೋಡಣೆಗೆ ಇದೇ ಹೆಸರು ಬಂತು. ಇವತ್ತಿಗೂ ಭೌತವಿಜ್ಞಾನದಲ್ಲಿ ಅದು ಕಾಗೊಮೆ ಜಾಲರಿ.

ಕಾಗದಕ್ಕೂ ಈ 12ಕ್ಕೂ ಇನ್ನೊಂದು ನಂಟಿದೆ. 1985ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ 60 ಇಂಗಾಲದ ಪರಮಾಣುಗಳ ಒಂದು ಅಣು ಸಿಕ್ಕಿತು. ಅದರ ಆಕಾರ ಏನು ಅಂತ ಗೊತ್ತಾಗಲಿಲ್ಲ. ರಿಚರ್ಡ್ ಸ್ಮಾಲಿ ರಾತ್ರಿ ಮನೆಯಲ್ಲಿ ಕೂತು ಕಾಗದದ ಷಟ್ಕೋನಗಳನ್ನ ಕತ್ತರಿಸಿ ಅಂಟಿಸುತ್ತಾ ಹೋದರು, ಮುಚ್ಚಿಕೊಳ್ಳಲೇ ಇಲ್ಲ. ಪಂಚಕೋನಗಳನ್ನ ಸೇರಿಸಿದ ಮೇಲೆ ಚೆಂಡು ಮುಚ್ಚಿತು. ಪಂಚಕೋನ 12, ಷಟ್ಕೋನ 20, ಫುಟ್‌ಬಾಲಿನ ಹಾಗೆ. 1996ರ ರಸಾಯನವಿಜ್ಞಾನದ ನೊಬೆಲ್ ಆ ಅಣುವಿಗೇ ಬಂತು, ಸ್ಮಾಲಿ, ಕ್ರೋಟೊ, ಕರ್ಲ್ ಮೂವರಿಗೂ.

ಕಾಗದ ಹೆಣೆದು ಆಕೃತಿ ಮಾಡೋದು ಹೊಸದೇನಲ್ಲ. ಜರ್ಮನಿಯಲ್ಲಿ ಕಿಂಡರ್‌ಗಾರ್ಟನ್ ಶುರು ಮಾಡಿದ ಫ್ರೋಬೆಲ್ ಮಕ್ಕಳ ಕೆಲಸಗಳಲ್ಲಿ ಕಾಗದದ ಹೆಣಿಗೆಯನ್ನೂ ಸೇರಿಸಿದ್ದರು. ನಾವು ಒಂದನೇ ಕ್ಲಾಸಲ್ಲಿ ಮಾಡಿದ ಚಾಪೆ ಆ ವಂಶದ್ದೇ. 1888ರಲ್ಲಿ ಜಾನ್ ಗೊರ್ಹಮ್ ಅನ್ನುವವರು ಲಂಡನ್ನಿನಲ್ಲಿ ಒಂದು ಪುಸ್ತಕವನ್ನೇ ತಂದರು, ಹರಳುಗಳ ಮಾದರಿಗಳನ್ನ ಜಡೆ ಹೆಣೆದ ಹಾಗೆ ಕಾಗದದಲ್ಲಿ ಮಾಡೋದು ಹೇಗೆ ಅಂತ.

ನನಗೆ ಈ ಸಂಚಿಕೆ ಮಾಡಲೇಬೇಕು ಅನ್ನಿಸಿದ್ದು 2021ರ ಒಂದು ಸಂಶೋಧನಾ ಪ್ರಬಂಧ ನೋಡಿದ ಮೇಲೆ. ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಬಂದದ್ದು, ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯದ ಪೆಡ್ರೊ ರೈಸ್ ಅವರ ತಂಡದ್ದು. ದೊಡ್ಡ ಚೆಂಡು ಹೆಣೆದಾಗ ಒಂದು ತೊಂದರೆ ಇದೆ. 12 ಐದು ಮೂಲೆಯ ಕಣ್ಣುಗಳ ಹತ್ತಿರ ಮಾತ್ರ ಉಬ್ಬಿ, ಮಿಕ್ಕ ಕಡೆ ಚಪ್ಪಟೆಯಾಗಿ, ಮೂಲೆ ಮೂಲೆಯಾಗಿ ಕಾಣುತ್ತೆ. ಪಟ್ಟಿಗಳನ್ನ ನೇರವಾಗಿ ಕತ್ತರಿಸದೆ ಬಾಳೆಹಣ್ಣಿನ ಹಾಗೆ ಬಾಗಿಸಿ ಕತ್ತರಿಸಿದರೆ ಆ ಮೂಲೆಗಳು ಹೋಗಿ ನಯವಾದ ಉಬ್ಬು ಬರುತ್ತೆ, ಉಬ್ಬು ಎಷ್ಟಿರಬೇಕು ಅನ್ನೋದನ್ನೂ ಬಾಗಿನಿಂದಲೇ ಹೊಂದಿಸಬಹುದು ಅಂತ ಅವರು ತೋರಿಸಿದ್ದಾರೆ. ಬಿದಿರನ್ನ ಸೀಳಿದರೆ ನಾರಿನ ದಿಕ್ಕಿಗೇ ಸೀಳುತ್ತೆ, ನೇರ ಪಟ್ಟಿ ಮಾತ್ರ. ಕಾಗದವನ್ನ ಬೇಕಾದ ಹಾಗೆ ಬಾಗಿಸಿ ಕತ್ತರಿಸಬಹುದು. ಕಾಗದ ಬಿದಿರನ್ನ ಮೀರಿಸೋ ಜಾಗ ಇದೊಂದು.

ಆ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಎಂಜಿನಿಯರುಗಳ ಜೊತೆ ಎರಡನೇ ಹೆಸರು ಆಲಿಸನ್ ಮಾರ್ಟಿನ್. ಆಕೆ ಹೆಣೆಯುವ ಕಲಾವಿದೆ. ಕೊನೆಗೆ ಸಣ್ಣಕ್ಷರದಲ್ಲಿ ಧನ್ಯವಾದ ಹೇಳಿ ಮುಗಿಸಿಲ್ಲ, ಲೇಖಕಿ ಅಂತಲೇ ಹಾಕಿದ್ದಾರೆ. ನಮ್ಮಲ್ಲಿ? ಬುಟ್ಟಿ, ಮೊರ, ತಟ್ಟಿ ಹೆಣೆದುಕೊಂಡು ಬಂದ ಮೇದಾರರಲ್ಲಿ ನಿಮಗೆ ಹೆಸರಿನಿಂದ ಗೊತ್ತಿರುವವರು ಯಾರು? 12ನೇ ಶತಮಾನದ ಶರಣ ಮೇದಾರ ಕೇತಯ್ಯ. ಆಮೇಲೆ? ನಾನೂ ಯೋಚನೆ ಮಾಡಿದೆ, ಎರಡನೇ ಹೆಸರು ಬರಲಿಲ್ಲ.

ನಾನು ಹೆಣೆದ ಒಂದು ಚೆಂಡನ್ನ ಒಬ್ಬ ಅಂಗಡಿಯವರಿಗೆ ತೋರಿಸಿದ್ದೆ. ತಿರುಗಿಸಿ ನೋಡಿ, ಪೇಪರ್ ತಾನೇ, ಅಂದರು. ಕಾಸ್ಟಿಂಗ್ ಪಾಠದ ಪ್ರಕಾರ ಅವರು ಹೇಳಿದ್ದು ತಪ್ಪಲ್ಲ. ಸಾಮಗ್ರಿ ಅರ್ಧ ಹಾಳೆಗಿಂತ ಸ್ವಲ್ಪ ಹೆಚ್ಚು. ಕೂಲಿ ಒಂದೆರಡು ಗಂಟೆ. ಐದು ಮೂಲೆಯ ಕಣ್ಣನ್ನ ಎಲ್ಲಿಡಬೇಕು ಅನ್ನೋ ತಿಳಿವಳಿಕೆಗೆ ಕಾಸ್ಟ್ ಶೀಟಿನಲ್ಲಿ ಕಾಲಮ್ಮೇ ಇಲ್ಲ. ಸಂತೆಯಲ್ಲಿ ಬುಟ್ಟಿ ಚೌಕಾಸಿ ಮಾಡುವಾಗಲೂ ನಾವು ಗಾತ್ರ ನೋಡ್ತೀವಿ, ಬಿದಿರು ನೋಡ್ತೀವಿ, ಇಪ್ಪತ್ತು ರೂಪಾಯಿ ಕಮ್ಮಿ ಮಾಡು ಅಂತೀವಿ. ನಾನು ಇತ್ತೀಚೆಗೆ ಅದನ್ನ ನಿಲ್ಲಿಸಿದ್ದೀನಿ.

ಹೋದ ಸಲ ಈ ವಿಷಯದ ಸುಳಿವು ಕೊಟ್ಟಾಗ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗೂಡುದೀಪದ್ದು. ಆಗುತ್ತೆ. 2022ರ ಜುಲೈ 1ರಿಂದ ಅಲಂಕಾರದ ಥರ್ಮೊಕೋಲ್ ದೇಶಾದ್ಯಂತ ನಿಷೇಧವಾಗಿದೆ, ಹಾಗಾಗಿ ಬೇರೆ ದಾರಿ ಹುಡುಕೋರಿಗೆ ಇದು ಒಳ್ಳೆಯ ದಾರಿ. ದೊಡ್ಡದು ಬೇಕಾದರೆ ಎಲ್ಲ ಅಳತೆಯನ್ನೂ ಒಂದೇ ಪಟ್ಟು ಹೆಚ್ಚಿಸಿ. ಅಗಲ 4 ಸೆಂ.ಮೀ. ಮಾಡಿದರೆ ಉದ್ದ 20 ಸೆಂ.ಮೀ. ಹತ್ತಿರ ಬರುತ್ತೆ, ಚೆಂಡು ಸುಮಾರು 24 ಸೆಂ.ಮೀ. ಆಗುತ್ತೆ. ಕಾಗದವೂ ಅಷ್ಟೇ ದಪ್ಪ ಬೇಕು, ಇಲ್ಲದಿದ್ದರೆ ತನ್ನ ಭಾರಕ್ಕೇ ಕುಸಿಯುತ್ತೆ. ಬಿಸಿಯಾಗದ ಸಣ್ಣ ಎಲ್‌ಇಡಿ ಮಾತ್ರ ಹಾಕಿ, ಎಣ್ಣೆ ದೀಪ ಖಂಡಿತಾ ಬೇಡ. ಮಳೆ ಇನ್ನೂ ಬಿಡದ ಊರಿನವರು ಒಳಗಡೆ ಜಗಲಿಯಲ್ಲಿ ತೂಗುಹಾಕಿ, ತೇವ ಹಿಡಿದರೆ ಕಾಗದದ ಸ್ಪ್ರಿಂಗ್ ಹೋಗಿ ತುಂಡುಗಳು ಸಡಿಲವಾಗುತ್ತವೆ.

30ರ ಚೆಂಡು ಬಂದ ಮೇಲೆ ಮುಂದಿನದ್ದು 90ರದ್ದು. ಅದೇ ತುಂಡು, ಅದೇ ಮೇಲೆ-ಕೆಳಗೆ ನಿಯಮ, ಎರಡು ಎ4 ಹಾಳೆ ಸಾಕು. ದೊಡ್ಡ ಕಣ್ಣು 32, ಐದು ಮೂಲೆಯವು 12, ಆರು ಮೂಲೆಯವು 20, ಸ್ಮಾಲಿಯ ಚೆಂಡೇ. ಎರಡು ಐದು ಮೂಲೆಯ ಕಣ್ಣು ಎಲ್ಲೂ ಅಕ್ಕಪಕ್ಕ ಬರದಂತೆ, ಪ್ರತಿಯೊಂದರ ಸುತ್ತಲೂ ಐದು ಆರು ಮೂಲೆಯವು ಇರುವಂತೆ ನೋಡಿಕೊಂಡರೆ ಆಯಿತು. ನನ್ನ ಮೇಜಿನ ಮೇಲೆ ಒಂದು ಶುರುವಾಗಿದೆ, 50ನೇ ತುಂಡಿನ ಹತ್ತಿರ ಇದ್ದೀನಿ, ಕ್ಲಿಪ್ಪುಗಳೆಲ್ಲ ಅದರಲ್ಲೇ ಸಿಕ್ಕಿಕೊಂಡಿವೆ, ಮನೆಯಲ್ಲಿ ಬಟ್ಟೆ ಹಾರಿಹೋಗ್ತಿವೆ ಅಂತ ಬೈಗುಳ ನಡೀತಾ ಇದೆ. ನೀವು ಮಾಡಿದ್ದರ ಫೋಟೊ ಕಳಿಸುವಾಗ ಕಣ್ಣುಗಳನ್ನ ಎಣಿಸಿ, ಎಷ್ಟು ಬಂತು ಅಂತ ಜೊತೆಗೆ ಬರೆಯಿರಿ.